ಮನೆ ಲೆಕ್ಕದ ತಂತ್ರಾಂಶ ಹೊಸದಾದ ಮೇಲೆ ನಮೂದು ಮಾಡುವುದೇ ಕಷ್ಟವಾಗಿದೆ

ಚರ್ಚೆ ಆರಂಭಿಸಿದವರು, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿ ನಿವೃತ್ತಳಾದವಳು. 2011ರ ಏಪ್ರಿಲ್‌ನಿಂದ ನಮ್ಮ ಮನೆಯ ಮತ್ತು ಎರಡು ಎಕರೆ ಅಡಿಕೆ ತೋಟದ ಜಮಾ-ಖರ್ಚನ್ನು ಜೋಡಿ ನಮೂದು ಪದ್ಧತಿಯ (ಪ್ರತಿ ವ್ಯವಹಾರವನ್ನೂ ಎರಡು ಬದಿಗಳಲ್ಲಿ ಬರೆಯುವ) ಒಂದು ಉಚಿತ ತಂತ್ರಾಂಶದಲ್ಲಿ, ಕನ್ನಡದಲ್ಲಿಯೇ, ಬರೆಯುತ್ತಾ ಬಂದಿದ್ದೇನೆ. ಮೂರು ವಾರಗಳ ಹಿಂದೆ ನನ್ನ ಮಗ ಕಂಪ್ಯೂಟರನ್ನು ನವೀಕರಿಸಿದಾಗ ಈ ತಂತ್ರಾಂಶವೂ ಹೊಸ ಆವೃತ್ತಿಗೆ ಏರಿತು. ಖಾತೆಗಳೆಲ್ಲ ಸುರಕ್ಷಿತವಾಗಿ ಬಂದಿವೆ, ಶಿಲ್ಕುಗಳೂ ಸರಿಯಾಗಿವೆ. ಕಷ್ಟವಿರುವುದು ಹೊಸದಾಗಿ ಬರೆಯುವಲ್ಲಿ.

ನಾನು ಪ್ರತಿ ಭಾನುವಾರ ಬೆಳಿಗ್ಗೆ ವಾರದ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತೇನೆ. ಸುಮಾರು ನಲವತ್ತು ನಮೂದುಗಳಿರುತ್ತವೆ ಮತ್ತು ಮೊದಲು ಅವು ಅರ್ಧ ಗಂಟೆಯೊಳಗೆ ಮುಗಿಯುತ್ತಿದ್ದವು, ಏಕೆಂದರೆ ನಾನು ಪರದೆಯನ್ನು ನೋಡುತ್ತಿರಲಿಲ್ಲ; ಕಣ್ಣು ಚೀಟಿಯ ಮೇಲೆ, ಕೈ ಕೀಲಿಮಣೆಯ ಮೇಲೆ ಇರುತ್ತಿತ್ತು. ವಿವರಣೆಯ ಅಂಕಣದಲ್ಲಿ ‘ಹಾ’ ಎಂದು ಒತ್ತಿ ಟ್ಯಾಬ್ ಕೀಲಿ ಒತ್ತಿದರೆ ‘ಹಾಲು’ ಎಂದು ತುಂಬಿಕೊಂಡು, ಹಿಂದಿನ ಬಾರಿಯ ಖಾತೆ ಮತ್ತು ಮೊತ್ತ ಎರಡೂ ಬಂದು ಕೂರುತ್ತಿದ್ದವು. ದಿನಾಂಕದ ಅಂಕಣದಲ್ಲಿ ‘12’ ಎಂದಷ್ಟೇ ಬರೆದರೆ ಚಾಲ್ತಿ ತಿಂಗಳ 12ನೇ ತಾರೀಖು ಎಂದು ಅದೇ ಅರ್ಥ ಮಾಡಿಕೊಳ್ಳುತ್ತಿತ್ತು.

ಈಗ ‘ಹಾ’ ಎಂದು ಬರೆದರೆ ಏನೂ ಆಗುವುದಿಲ್ಲ. ಇನ್ನೊಂದು ಅಕ್ಷರ ಬರೆದ ಮೇಲೆ ಕೆಳಗೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಟ್ಯಾಬ್ ಒತ್ತಿದರೆ ಬರೆದಷ್ಟೇ ಉಳಿದು ಕರ್ಸರ್ ಮುಂದಕ್ಕೆ ಹೋಗುತ್ತದೆ. ಎಂಟರ್ ಒತ್ತಿದರೆ ಪಟ್ಟಿಯ ಮೊದಲ ಸಾಲು ಬಂದು ಕೂರುತ್ತದೆ, ಅದು ನನಗೆ ಬೇಕಾದ ಸಾಲೇ ಆಗಿರಬೇಕೆಂದಿಲ್ಲ. ದಿನಾಂಕಕ್ಕೆ ತಿಂಗಳನ್ನೂ ವರ್ಷವನ್ನೂ ಬರೆಯಬೇಕಾಗಿದೆ. ಕಳೆದ ಭಾನುವಾರದ ಕೆಲಸಕ್ಕೆ ಒಂದೂ ಮುಕ್ಕಾಲು ಗಂಟೆ ಹಿಡಿಯಿತು.

ಸಮಯ ಹೋದದ್ದನ್ನು ನಾನು ಸಹಿಸಿಕೊಳ್ಳಬಲ್ಲೆ. ಆದರೆ ನಿನ್ನೆ ತೋಟದ ಕೂಲಿ ಖಾತೆಯನ್ನು ತೆರೆದು ನೋಡಿದಾಗ ಈ ಮೂರು ವಾರಗಳಲ್ಲಿ ಒಂದು ಪೈಸೆಯೂ ಖರ್ಚಾಗಿಲ್ಲ ಎಂದು ತೋರಿಸುತ್ತಿತ್ತು. ಕೊಯ್ಲಿನ ಕಾಲದಲ್ಲಿ ಇದು ಸಾಧ್ಯವೇ ಇಲ್ಲ. ಹುಡುಕಿದಾಗ ಹನ್ನೊಂದು ನಮೂದುಗಳು, ಒಟ್ಟು 41,250 ರೂಪಾಯಿ, ಮನೆ ದುರಸ್ತಿ ಖಾತೆಗೆ ಸೇರಿಹೋಗಿದ್ದವು. ನಗದು ಶಿಲ್ಕು ಸರಿಯಾಗಿತ್ತು, ಬ್ಯಾಂಕ್ ಶಿಲ್ಕು ಪಾಸ್‌ಬುಕ್ಕಿಗೆ ತಾಳೆಯಾಗುತ್ತಿತ್ತು, ತಂತ್ರಾಂಶ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಮೂವತ್ತು ವರ್ಷ ಲೆಕ್ಕ ಬರೆದವಳಿಗೆ ಇದರಿಂದ ಆದ ಬೇಸರವನ್ನು ಹೇಗೆ ಹೇಳಲಿ.

ಹಳೆಯ ರೀತಿಯ ತುಂಬುವಿಕೆಯನ್ನು ಮರಳಿ ತರುವ ಆಯ್ಕೆ ಎಲ್ಲಾದರೂ ಇದೆಯೇ? ಇಲ್ಲವಾದರೆ ಹಳೆಯ ಆವೃತ್ತಿಗೇ ಹಿಂದಿರುಗಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ, ಬೆಂಗಳೂರು (ತಂತ್ರಾಂಶ ಉದ್ಯೋಗಿ)

ಮೇಡಂ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ಹೊಸ ಆವೃತ್ತಿಯಲ್ಲಿ ಒಮ್ಮೆ ಉಳಿಸಿದ ಕಡತವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ದಯವಿಟ್ಟು ಹೋಗಬೇಡಿ. ಹೊಸದು ಬರೆದ ಕೆಲವು ವಿವರಗಳು ಹಳೆಯದಕ್ಕೆ ಅರ್ಥವಾಗದೆ ಕಡತ ತೆರೆಯದಿರಬಹುದು, ಅಥವಾ ತೆರೆದುಕೊಂಡು ಆ ವಿವರಗಳನ್ನು ಕೈಬಿಟ್ಟು ಮತ್ತೆ ಉಳಿಸಬಹುದು. ಹಿಂದಕ್ಕೆ ಹೋಗುವುದಾದರೆ ನವೀಕರಣಕ್ಕೆ ಮುಂಚಿನ ಪ್ರತಿಯಿಂದಲೇ ಹೋಗಬೇಕು ಮತ್ತು ಈ ಮೂರು ವಾರಗಳ ನಮೂದುಗಳನ್ನು ಮತ್ತೊಮ್ಮೆ ಬರೆಯಬೇಕು.

ಆ ಹಳೆಯ ಪ್ರತಿಯನ್ನು ಇವತ್ತೇ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ನಾನು ಬಳಸುವುದು ಗ್ನೂಕ್ಯಾಶ್ ಎಂಬ ಉಚಿತ ಲೆಕ್ಕದ ತಂತ್ರಾಂಶ. ಅದು ಕಡತವನ್ನು ಉಳಿಸಿದಾಗಲೆಲ್ಲ ದಿನಾಂಕ ಮತ್ತು ಸಮಯವನ್ನು ಹೆಸರಿಗೆ ಸೇರಿಸಿದ ಒಂದು ಪ್ರತಿಯನ್ನು ಅದೇ ಕಡತಕೋಶದಲ್ಲಿ ಇಡುತ್ತದೆ, ಆದರೆ ನಾವು ಬದಲಾಯಿಸದಿದ್ದರೆ 30 ದಿನ ಕಳೆದ ಪ್ರತಿಗಳನ್ನು ತಾನಾಗಿಯೇ ಅಳಿಸಿಬಿಡುತ್ತದೆ. ನಿಮ್ಮ ತಂತ್ರಾಂಶದಲ್ಲಿಯೂ ಅಂಥ ಏರ್ಪಾಡು ಇದ್ದರೆ, ಮೂರು ವಾರಗಳು ಆಗಲೇ ಕಳೆದಿವೆ ಎಂಬುದನ್ನು ಗಮನಿಸಿ.

ಇನ್ನು ಕೂಲಿಯ ವಿಷಯ. ತೋಟದ ಕೂಲಿಯನ್ನು ನೀವು ಬರಿಯ ‘ಕೂಲಿ’ ಎಂದೂ, ಮನೆಯ ಕೆಲಸದ್ದನ್ನು ಬೇರೆ ಹೆಸರಿನಲ್ಲಿಯೂ ಬರೆಯುತ್ತಿದ್ದಿರೇ?

ಚರ್ಚೆ ಆರಂಭಿಸಿದವರು, ಸಾಗರ

ಹೌದು. ತೋಟದ್ದು ‘ಕೂಲಿ’, ಹೆಂಚು ಕೈಯಾಡಿಸಿದ್ದಕ್ಕೆ ಕೊಟ್ಟದ್ದು ‘ಮನೆ ದುರಸ್ತಿ ಕೂಲಿ’. ಹಳೆಯ ಪ್ರತಿ ಸಿಕ್ಕಿತು, ಎರಡು ಕಡೆ ಇಟ್ಟುಕೊಂಡಿದ್ದೇನೆ. ಇಷ್ಟು ಬೇಗ ಎಚ್ಚರಿಸಿದ್ದಕ್ಕೆ ಕೃತಜ್ಞತೆಗಳು.

ಉತ್ತರ, ಬೆಂಗಳೂರು (ತಂತ್ರಾಂಶ ಉದ್ಯೋಗಿ)

ಹಾಗಾದರೆ ಕಾರಣ ಅಲ್ಲಿಯೇ ಇದೆ. ಹಳೆಯ ಆವೃತ್ತಿ ನೀವು ಬರೆದ ಅಕ್ಷರಗಳಿಂದ ಆರಂಭವಾಗುವ ವಿವರಣೆಯನ್ನು ಮಾತ್ರ ಹುಡುಕುತ್ತಿತ್ತು. ‘ಕೂ’ ಎಂದರೆ ‘ಕೂಲಿ’ ಒಂದೇ ಸಿಗುತ್ತಿತ್ತು. ನೀವು ಹೇಳುವ ಪಟ್ಟಿಯನ್ನು ನೋಡಿದರೆ, ಹೊಸದು ವಿವರಣೆಯ ಯಾವ ಭಾಗದಲ್ಲಿಯೇ ಆಗಲಿ ಆ ಅಕ್ಷರಗಳಿದ್ದರೆ ಅದನ್ನು ಆರಿಸುತ್ತದೆ ಮತ್ತು ಇತ್ತೀಚೆಗೆ ಬಳಸಿದ್ದನ್ನು ಮೇಲಕ್ಕೆ ಇಡುತ್ತದೆ. ಹೊಸ ಆವೃತ್ತಿ ಬಂದ ಮೇಲೆ ನೀವು ಮೊದಲು ಹೆಂಚಿನ ಕೆಲಸದ ಕೂಲಿಯನ್ನು ಬರೆದಿದ್ದರೆ ‘ಮನೆ ದುರಸ್ತಿ ಕೂಲಿ’ ಪಟ್ಟಿಯ ತಲೆಯಲ್ಲಿ ಕುಳಿತುಕೊಂಡಿತು. ಮುಂದೆ ‘ಕೂಲ’ ಎಂದು ಬರೆದು ಎಂಟರ್ ಒತ್ತಿದಾಗಲೆಲ್ಲ ಅದೇ ಬಂದಿತು, ಬಂದುದರಿಂದ ಮತ್ತೆ ಅದೇ ಇತ್ತೀಚಿನದಾಯಿತು. ಒಂದು ತಪ್ಪು ಮುಂದಿನ ತಪ್ಪಿಗೆ ದಾರಿ ಮಾಡಿಕೊಟ್ಟಿದೆ. ಇದರಲ್ಲಿ ನಿಮ್ಮ ಅಜಾಗರೂಕತೆ ಏನೂ ಇಲ್ಲ.

‘ಹಾ’ ಎಂದಾಗ ಪಟ್ಟಿ ಬರದೆ ಇನ್ನೊಂದು ಅಕ್ಷರ ಬರೆದಾಗ ಬರುವುದಕ್ಕೂ ಕಾರಣವಿದೆ. ಪಟ್ಟಿ ತೆರೆಯಲು ಕನಿಷ್ಠ ಮೂರು ಅಕ್ಷರ ಬೇಕು ಎಂಬ ನಿಯಮ ಅಲ್ಲಿರುವಂತಿದೆ. ನಾವು ಅಕ್ಷರ ಎನ್ನುವುದು ಬೇರೆ, ಯೂನಿಕೋಡ್ (ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳನ್ನು ಗುರುತಿಸುವ ಪದ್ಧತಿ) ಎಣಿಸುವುದು ಬೇರೆ. ‘ಹಾ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಹಕಾರ ಮತ್ತು ದೀರ್ಘದ ಚಿಹ್ನೆ ಸೇರಿ ಎರಡು. ಅದರ ಮುಂದೆ ಲಕಾರ ಬಂದಾಗ ಮೂರಾಗುತ್ತದೆ, ಆಗ ಪಟ್ಟಿ ತೆರೆಯುತ್ತದೆ. ‘ವಿದ್ಯುತ್’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರವಾದರೂ ಯಂತ್ರದ ಎಣಿಕೆಯಲ್ಲಿ ಎಂಟು. ಹೀಗಾಗಿ ಒಂದೊಂದು ಪದಕ್ಕೆ ಒಂದೊಂದು ಕಡೆ ಪಟ್ಟಿ ತೆರೆಯುತ್ತದೆ, ಕೈಗೆ ಒಂದು ಲಯ ಹಿಡಿಯಲು ಬಿಡುವುದಿಲ್ಲ. ಈ ನಿಯಮವನ್ನು ಮಾಡುವಾಗ ಕಾಗುಣಿತವುಳ್ಳ ಲಿಪಿಗಳನ್ನು ಯಾರಾದರೂ ಪರೀಕ್ಷಿಸಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದಿನಾಂಕದ ವಿಷಯದಲ್ಲಿ, ಆಯ್ಕೆಗಳ ಪುಟದಲ್ಲಿ ‘ದಿನಾಂಕದ ರೂಪ’ ಮತ್ತು ‘ಅಪೂರ್ಣ ದಿನಾಂಕವನ್ನು ತುಂಬುವ ಬಗೆ’ ಎಂಬರ್ಥದ ಎರಡು ಸಾಲುಗಳು ಇವೆಯೇ ಎಂದು ನೋಡಿ. ನವೀಕರಣದ ಸಮಯದಲ್ಲಿ ಹಳೆಯ ಆಯ್ಕೆಗಳು ಹೊಸ ಜಾಗಕ್ಕೆ ಬಾರದೆ ಮೂಲಸ್ಥಿತಿಗೆ ಮರಳುವುದು ಅಪರೂಪವಲ್ಲ.

ಉತ್ತರ, ಹುಬ್ಬಳ್ಳಿ (ತೆರಿಗೆ ಲೆಕ್ಕದ ಕೆಲಸದವರು)

ತಾಯಿಯವರು ಬರೆದ ಒಂದು ವಾಕ್ಯವನ್ನು ಎಲ್ಲರೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ: ಶಿಲ್ಕು ಸರಿಯಾಗಿತ್ತು, ಎಚ್ಚರಿಕೆ ಬರಲಿಲ್ಲ. ಜೋಡಿ ನಮೂದು ಪದ್ಧತಿಯಲ್ಲಿ ಖರ್ಚು-ಜಮೆಗಳ ಎರಡೂ ಬದಿ ಸಮವಾಗಿರುವುದನ್ನು ಮಾತ್ರ ಯಂತ್ರ ನೋಡಬಲ್ಲದು. ತೋಟದ ಕೂಲಿಯನ್ನು ಮನೆ ದುರಸ್ತಿಗೆ ಬರೆದರೂ ಎರಡು ಬದಿಗಳು ಸಮವೇ. ಎಲ್ಲ ಖಾತೆಗಳ ಶಿಲ್ಕುಗಳನ್ನು ಕೂಡಿ ನೋಡುವ ತಾಳೆಪಟ್ಟಿಯೂ ಕೂಡಿಬರುತ್ತದೆ. ಕಾಗದದ ಖಾತೆ ಪುಸ್ತಕದಲ್ಲಿ ಇಂಥ ತಪ್ಪು ಅಪರೂಪವಾಗಿತ್ತು, ಏಕೆಂದರೆ ಖಾತೆಯ ಪುಟವನ್ನು ಕೈಯಿಂದಲೇ ತಿರುವಿ, ಮೇಲಿನ ಹೆಸರನ್ನು ಓದಿ, ಆಮೇಲೆ ಬರೆಯುತ್ತಿದ್ದೆವು. ಈಗ ಖಾತೆಯನ್ನು ಆರಿಸುವ ಕೆಲಸವನ್ನು ಯಂತ್ರದ ಊಹೆಗೆ ಬಿಟ್ಟಿದ್ದೇವೆ. ಆದ್ದರಿಂದ ಊಹಿಸುವ ಕ್ರಮವನ್ನು ತಿಳಿಸದೆ ಬದಲಾಯಿಸುವುದು, ನನ್ನ ಅಭಿಪ್ರಾಯದಲ್ಲಿ, ಬಣ್ಣವನ್ನೋ ಗುಂಡಿಯ ಜಾಗವನ್ನೋ ಬದಲಾಯಿಸಿದಂತೆ ಅಲ್ಲ. ಅದು ಲೆಕ್ಕದ ಒಳಗೇ ಕೈಹಾಕಿದಂತೆ.

ಇದರ ಪರಿಣಾಮ ಮನೆಯ ಲೆಕ್ಕಕ್ಕೇ ನಿಲ್ಲುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದರೂ ನಿವ್ವಳ ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ಮೂಲ ವಿನಾಯಿತಿಯ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರವನ್ನು ನಿರ್ಧರಿಸಲು ಅದನ್ನು ಸೇರಿಸಿಕೊಳ್ಳುತ್ತಾರೆ. ಆಗ ತೋಟದ ಖರ್ಚು ಕಡಿಮೆ ಕಂಡರೆ ನಿವ್ವಳ ಕೃಷಿ ಆದಾಯ ಹೆಚ್ಚು ಕಾಣುತ್ತದೆ. 41,250 ರೂಪಾಯಿ ಸಣ್ಣ ಮೊತ್ತವಲ್ಲ.

ಇನ್ನೊಂದು ಸ್ಥಳ ತೋರಿಸುತ್ತೇನೆ. ಠೇವಣಿಯ ಬಡ್ಡಿ ಜಮೆಯಾದಾಗ ಬ್ಯಾಂಕು ಮೂಲದಲ್ಲಿ ತೆರಿಗೆ ಕಡಿತ ಮಾಡಿದ್ದರೆ ಒಂದೇ ವ್ಯವಹಾರಕ್ಕೆ ಮೂರು ಸಾಲು ಬರೆಯಬೇಕು: ಬಡ್ಡಿ ಆದಾಯ 15,210, ಕಡಿತವಾದ ತೆರಿಗೆ 1,521, ಬ್ಯಾಂಕಿಗೆ ಬಂದದ್ದು 13,689. ಹಿಂದಿನ ತ್ರೈಮಾಸಿಕದ್ದು 15,000, 1,500, 13,500 ಆಗಿತ್ತೆನ್ನಿ. ವಿವರಣೆಯನ್ನು ಆರಿಸಿದ ಕೂಡಲೇ ಹಳೆಯ ಮೂರು ಸಾಲುಗಳು ನಕಲಾಗುತ್ತವೆ, ಪರದೆಯ ಮೇಲೆ ಮಾತ್ರ ಬ್ಯಾಂಕಿನ ಸಾಲೊಂದೇ ಕಾಣುತ್ತದೆ. ಅದನ್ನಷ್ಟೇ 13,689 ಎಂದು ತಿದ್ದಿ ಮುಂದೆ ಹೋದರೆ 189 ರೂಪಾಯಿ ತಾಳೆಯಾಗದ ಮೊತ್ತದ ಖಾತೆಗೆ ಬೀಳುತ್ತದೆ. ವರ್ಷಾಂತ್ಯದಲ್ಲಿ ಆದಾಯ ತೆರಿಗೆ ಜಾಲತಾಣದ ತೆರಿಗೆ ಕಡಿತದ ವಿವರಪಟ್ಟಿಯ ಜೊತೆ ಹೋಲಿಸಿದಾಗ ಬಡ್ಡಿಯೂ ಹೊಂದುವುದಿಲ್ಲ, ತೆರಿಗೆಯೂ ಹೊಂದುವುದಿಲ್ಲ. ಇಲ್ಲಿ 189 ಒಂದು ಖಾತೆಯಲ್ಲಿ ಬಿದ್ದು ಕಣ್ಣಿಗೆ ಕಾಣುವುದರಿಂದ ಹಿಡಿಯಬಹುದು. ಕೂಲಿಯ ತಪ್ಪು ಹಾಗೆ ಕಾಣುವುದೇ ಇಲ್ಲ.

ಪರಿಶೀಲಿಸುವ ದಾರಿ ಒಂದೇ. ಕಳೆದ ವರ್ಷದ ಇದೇ ತಿಂಗಳುಗಳ ಖರ್ಚಿನ ವರದಿಯನ್ನೂ ಈ ವರ್ಷದ್ದನ್ನೂ ಖಾತೆವಾರು ಅಕ್ಕಪಕ್ಕ ಇಟ್ಟುಕೊಂಡು, ಹೆಚ್ಚಾದದ್ದಕ್ಕಿಂತ ಮುಂಚೆ ಇಲ್ಲವಾದದ್ದನ್ನು ನೋಡಿ. ಖಾಲಿಯಾದ ಖಾತೆಯೇ ತಪ್ಪಿನ ಸುಳಿವು ಕೊಡುತ್ತದೆ, ನಿಮಗೆ ಕೊಟ್ಟದ್ದೂ ಅದೇ.

ಉತ್ತರ, ಮೈಸೂರು (ನಿವೃತ್ತ ಅಧ್ಯಾಪಕರು)

ನನ್ನ ತೊಂದರೆ ಬೇರೆ ಬಗೆಯದು, ಆದರೂ ನವೀಕರಣದಿಂದಲೇ ಬಂದದ್ದು. ನಾನು ಬೇರೊಂದು ತಂತ್ರಾಂಶದಲ್ಲಿ 2006ರಿಂದ ಲೆಕ್ಕ ಇಟ್ಟಿದ್ದೇನೆ. ಆಗ ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆಯುತ್ತಿದ್ದೆ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಅವು. ಹಳೆಯ ಆವೃತ್ತಿಯಲ್ಲಿ ನಮೂದಿನ ಪುಟಕ್ಕೆ ಫಾಂಟನ್ನು ನಾವೇ ಆರಿಸಬಹುದಾಗಿತ್ತು. ಹೊಸದರಲ್ಲಿ ಆ ಆಯ್ಕೆಯನ್ನು ತೆಗೆದುಹಾಕಿದ್ದಾರೆ. ಏಳೆಂಟು ವರ್ಷಗಳ ನಮೂದುಗಳು ಈಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತಿವೆ. ‘ಔಷಧಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ 2014ರ ನಂತರದವು ಮಾತ್ರ ಸಿಗುತ್ತವೆ. ನನ್ನ ಪತ್ನಿಯ ಚಿಕಿತ್ಸೆಯ ವೆಚ್ಚವೆಲ್ಲ ಅದಕ್ಕಿಂತ ಹಿಂದಿನ ಪುಟಗಳಲ್ಲಿದೆ. ಆ ದಾಖಲೆ ನನಗೆ ಬೇಕು.

ಉತ್ತರ, ಬೆಂಗಳೂರು (ತಂತ್ರಾಂಶ ಉದ್ಯೋಗಿ)

ಸರ್, ನಿಮ್ಮ ದಾಖಲೆ ಹೋಗಿಲ್ಲ, ಓದುವ ಕನ್ನಡಕ ಮಾತ್ರ ಹೋಗಿದೆ. ನಮೂದುಗಳನ್ನು ಸಿಎಸ್‌ವಿ ಎಂಬ ಸರಳ ಪಟ್ಟಿಯ ರೂಪಕ್ಕೆ ರಫ್ತು ಮಾಡಿ, ವಿವರಣೆಯ ಅಂಕಣವನ್ನು ಮಾತ್ರ ಪ್ರತ್ಯೇಕಿಸಿ ಯೂನಿಕೋಡಿಗೆ ಪರಿವರ್ತಿಸಿ. ನುಡಿ ಮತ್ತು ಅಂಥದ್ದೇ ಇನ್ನೊಂದು ತಂತ್ರಾಂಶವಾದ ‘ಬರಹ’ ಎರಡರ ಜೊತೆಗೂ ಪರಿವರ್ತಕಗಳು ಬಂದಿವೆ. ಒಂದು ಎಚ್ಚರಿಕೆ: ಇಡೀ ಕಡತವನ್ನು ಪರಿವರ್ತಕಕ್ಕೆ ಕೊಡಬೇಡಿ. ಬ್ಯಾಂಕಿನ ಸಂಕ್ಷಿಪ್ತ ಹೆಸರುಗಳೂ ಚೆಕ್ಕಿನ ಮುಂದೆ ನೀವು ಇಂಗ್ಲಿಷಿನಲ್ಲಿಯೇ ಬರೆದ ಅಕ್ಷರಗಳೂ ಕನ್ನಡದ ಅಕ್ಷರಗಳಾಗಿ ಬದಲಾಗಿಬಿಡುತ್ತವೆ.

ಪರಿವರ್ತನೆಯಾದ ಮೇಲೆ ಇನ್ನೊಂದು ಸೂಕ್ಷ್ಮವಿದೆ, ಅದು ಸಾಗರದ ಮೇಡಂ ಅವರಿಗೂ ಸಂಬಂಧಿಸಿದ್ದು. ‘ಕೋ’ ಎಂಬ ಅಕ್ಷರವನ್ನು ಯೂನಿಕೋಡಿನಲ್ಲಿ ಓತ್ವದ ಒಂದೇ ಚಿಹ್ನೆಯಿಂದ ಬರೆಯಬಹುದು, ಅಥವಾ ಎತ್ವ, ಊತ್ವ, ದೀರ್ಘ ಎಂಬ ಬಿಡಿ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ನಿಯಮದ ಪ್ರಕಾರವೂ ಎರಡೂ ಸಮಾನ. ಆದರೆ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಕೆಲಸವನ್ನು ತಂತ್ರಾಂಶ ಮಾಡದಿದ್ದರೆ ‘ಕೋಳಿ ಗೊಬ್ಬರ’ ಎಂದು ಎಷ್ಟು ಬಾರಿ ಬರೆದರೂ ಹಳೆಯ ‘ಕೋಳಿ ಗೊಬ್ಬರ’ ಸಿಗುವುದಿಲ್ಲ. ಹಳೆಯ ಪದವನ್ನು ನಕಲು ಮಾಡಿ ಅಂಟಿಸಿದಾಗ ಪಟ್ಟಿ ಬರುತ್ತದೆ, ಕೀಲಿಮಣೆಯಿಂದ ಬರೆದಾಗ ಬರುವುದಿಲ್ಲ ಎಂದಾದರೆ ಕಾರಣ ಇದೇ ಎಂದು ತಿಳಿಯಬಹುದು.

ಉತ್ತರ, ನ್ಯೂ ಜೆರ್ಸಿ

ನನ್ನ ಅನುಭವವನ್ನೂ ಸೇರಿಸುತ್ತೇನೆ, ಏಕೆಂದರೆ ಇಲ್ಲಿರುವ ಅನೇಕರು ಊರಿನ ಖಾತೆಯನ್ನೂ ಇಲ್ಲಿಯ ಖಾತೆಯನ್ನೂ ಒಂದೇ ಕಡೆ ಇಡುತ್ತಾರೆ. ನಾನು ಮೈಕ್ರೋಸಾಫ್ಟ್ ಮನಿ ಎಂಬ ಮನೆ ಲೆಕ್ಕದ ತಂತ್ರಾಂಶ ಬಳಸುತ್ತಿದ್ದೆ. 2009ರಲ್ಲಿ ಅದರ ಮಾರಾಟ ನಿಂತಾಗ ಹದಿನಾಲ್ಕು ಖಾತೆಗಳನ್ನು ಕ್ಯುಐಎಫ್ (ಲೆಕ್ಕದ ತಂತ್ರಾಂಶಗಳ ನಡುವೆ ನಮೂದುಗಳನ್ನು ಸಾಗಿಸುವ ಕಡತದ ಬಗೆ) ರೂಪದಲ್ಲಿ ಹೊರತೆಗೆದು ಬೇರೆ ಕಡೆಗೆ ಒಯ್ದೆ. ಆ ರೂಪದಲ್ಲಿ ದಿನಾಂಕ ಬರೆಯಲು ಒಂದು ನಿಶ್ಚಿತ ಕ್ರಮವಿಲ್ಲ. ತಿಂಗಳು ಮೊದಲೋ ದಿನ ಮೊದಲೋ ಎಂದು ಕಡತ ಹೇಳುವುದಿಲ್ಲ, ಓದುವ ತಂತ್ರಾಂಶವೇ ಊಹಿಸಬೇಕು.

ಕಳೆದ ತಿಂಗಳು ನಾನು ಈಗ ಬಳಸುವ ತಂತ್ರಾಂಶವನ್ನು ನವೀಕರಿಸಿದಾಗ ಅದೇ ಸಮಸ್ಯೆ ಸಿಎಸ್‌ವಿ ಆಮದಿನಲ್ಲಿ ಕಾಣಿಸಿಕೊಂಡಿತು. ಭಾರತದ ಬ್ಯಾಂಕಿನ ವಿವರಪಟ್ಟಿಯಲ್ಲಿ 03/04 ಎಂದರೆ ಏಪ್ರಿಲ್ 3. ಹೊಸ ಆವೃತ್ತಿ ನನ್ನ ಕಂಪ್ಯೂಟರಿನ ಪ್ರದೇಶವನ್ನು ನೋಡಿ ಅದನ್ನು ಮಾರ್ಚ್ 4 ಎಂದು ಓದಿತು. ಎಲ್ಲ ಸಾಲುಗಳೂ ತಪ್ಪಾಗಿದ್ದರೆ ಕೂಡಲೇ ತಿಳಿಯುತ್ತಿತ್ತು. ಆದರೆ 13ರಿಂದ 31ರವರೆಗಿನ ದಿನಗಳನ್ನು ತಿಂಗಳೆಂದು ಓದಲು ಸಾಧ್ಯವಿಲ್ಲವಾದ್ದರಿಂದ ಆ ಸಾಲುಗಳನ್ನು ಮಾತ್ರ ತಪ್ಪೆಂದು ತೋರಿಸಿತು. 12ರವರೆಗಿನವುಗಳನ್ನು ಸದ್ದಿಲ್ಲದೆ ಬೇರೆ ಬೇರೆ ತಿಂಗಳುಗಳಿಗೆ ಹಂಚಿಬಿಟ್ಟಿತು. ನಾನು ತೋರಿಸಿದ ತಪ್ಪುಗಳನ್ನು ಕೈಯಿಂದ ತಿದ್ದಿದೆ, ತೋರಿಸದವನ್ನು ನಂಬಿದೆ. ಬೆಂಗಳೂರಿನಲ್ಲಿರುವ ನಮ್ಮ ತಂದೆಯವರ ಮನೆ ಬಾಡಿಗೆ ಮಾರ್ಚಿನಲ್ಲಿ ಎರಡು ಬಾರಿ ಬಂದಂತೆ, ಏಪ್ರಿಲ್‌ನಲ್ಲಿ ಬಾರದೇ ಇದ್ದಂತೆ ಕಂಡಾಗಲೇ ಎಚ್ಚರವಾದದ್ದು. ಭಾರತದ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಒಂದು ತಿಂಗಳ ಬಾಡಿಗೆ ಹಿಂದಿನ ವರ್ಷಕ್ಕೇ ಸೇರಿಹೋಗಿತ್ತು.

ಆಮದು ಮಾಡುವ ಮುನ್ನ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಯುಪಿಐ ವ್ಯವಹಾರದ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಅದು ದೊಡ್ಡ ಮೊತ್ತವೆಂದು ತಿಳಿದು ಸಂಕ್ಷೇಪಿಸಿ ತೋರಿಸುತ್ತದೆ, ಸಿಎಸ್‌ವಿಯಾಗಿ ಉಳಿಸಿದಾಗ ಆ ಸಂಕ್ಷಿಪ್ತ ರೂಪವೇ ಉಳಿಯುತ್ತದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳೂ ಮಾಯವಾಗುತ್ತವೆ. ಎರಡು ಬಾರಿ ಬಂದ ನಮೂದನ್ನು ಗುರುತಿಸಲು ತಂತ್ರಾಂಶಕ್ಕೆ ಸಹಾಯ ಮಾಡುವುದೇ ಆ ಉಲ್ಲೇಖ ಸಂಖ್ಯೆ.

ಚರ್ಚೆ ಆರಂಭಿಸಿದವರು, ಸಾಗರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ಭಾನುವಾರ ಮಾಡಿದ್ದನ್ನು ತಿಳಿಸುತ್ತೇನೆ.

ದಿನಾಂಕದ ಆಯ್ಕೆ ಸಿಕ್ಕಿತು. ಬೆಂಗಳೂರಿನವರು ಹೇಳಿದಂತೆ ಅದು ಮೂಲಸ್ಥಿತಿಗೆ ಮರಳಿತ್ತು. ಸರಿಪಡಿಸಿದ ಮೇಲೆ ‘12’ ಎಂದರೆ ಮತ್ತೆ ಈ ತಿಂಗಳ 12 ಆಗುತ್ತಿದೆ. ವಿವರಣೆಯ ತುಂಬುವಿಕೆಗೆ ಹಳೆಯ ರೀತಿ ಎಂಬ ಆಯ್ಕೆ ಎಲ್ಲಿಯೂ ಇಲ್ಲ, ಎರಡು ಬಾರಿ ಹುಡುಕಿದೆ. ಆದ್ದರಿಂದ ವಿವರಣೆಗಳ ಹೆಸರುಗಳನ್ನೇ ಬದಲಾಯಿಸಿದೆ. ‘ಕೂಲಿ’ ಎಂಬ ಪದವನ್ನು ತೋಟಕ್ಕೆ ಮಾತ್ರ ಉಳಿಸಿಕೊಂಡು ಮನೆಯದನ್ನು ‘ದುರಸ್ತಿ ಮಜೂರಿ’ ಎಂದು ಮಾಡಿದೆ. ಹೀಗೆ ಒಂದರ ಹೆಸರು ಇನ್ನೊಂದರೊಳಗೆ ಅಡಗಿರುವ ಇಪ್ಪತ್ತಮೂರು ವಿವರಣೆಗಳು ಸಿಕ್ಕಿದವು. ‘ಹಾಲು’ ಮತ್ತು ‘ದೇವಸ್ಥಾನಕ್ಕೆ ಹಾಲು’, ‘ಗೊಬ್ಬರ’ ಮತ್ತು ‘ಗೊಬ್ಬರ ಸಾಗಣೆ’, ಇಂಥವು. ಹಳೆಯ ನಮೂದುಗಳಲ್ಲಿ ಇವನ್ನು ತಿದ್ದಲು ಎರಡು ದಿನ ಬೇಕಾಯಿತು. ಹಾಲು, ಪತ್ರಿಕೆ, ವಿಮೆಯ ಕಂತು ಇವುಗಳನ್ನು ತಾವಾಗಿಯೇ ಬರುವ ನಿಗದಿತ ನಮೂದುಗಳಾಗಿ ಇಟ್ಟಿದ್ದರಿಂದ ವಾರಕ್ಕೆ ಒಂಬತ್ತು ಸಾಲು ಬರೆಯುವುದು ತಪ್ಪಿತು.

ಹುಬ್ಬಳ್ಳಿಯವರು ಹೇಳಿದ ಹೋಲಿಕೆಯನ್ನೂ ಮಾಡಿದೆ. ಹನ್ನೊಂದು ನಮೂದುಗಳಲ್ಲದೆ ಇನ್ನೂ ಎರಡು ತಪ್ಪು ಸಿಕ್ಕವು: ಸುಣ್ಣ ಮತ್ತು ಮೈಲುತುತ್ತದ ಖರೀದಿ ಮನೆಗೆ ಸುಣ್ಣ ಬಳಿಸಿದ ಖಾತೆಗೆ ಸೇರಿತ್ತು. ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಅದು. ಎಲ್ಲವನ್ನೂ ತಿದ್ದಿಯಾಗಿದೆ.

ನಮೂದಿಗೆ ಈಗ ಐವತ್ತು ನಿಮಿಷ ಹಿಡಿಯುತ್ತಿದೆ. ಆದರೂ ಕಣ್ಣು ಪರದೆಯ ಮೇಲೆಯೇ ಇರಬೇಕಾಗಿದೆ, ಚೀಟಿಯಿಂದ ಪರದೆಗೆ, ಪರದೆಯಿಂದ ಚೀಟಿಗೆ ಕುತ್ತಿಗೆ ಆಡಿಸಿ ನೋವಾಗುತ್ತದೆ. ಇದನ್ನು ನಾನು ಒಪ್ಪಿಕೊಂಡಿಲ್ಲ. ತಂತ್ರಾಂಶವನ್ನು ರೂಪಿಸುವ ಸ್ವಯಂಸೇವಕರಿಗೆ ಪತ್ರ ಬರೆಯುತ್ತಿದ್ದೇನೆ. ಅವರು ಸಂಬಳವಿಲ್ಲದೆ ದುಡಿಯುತ್ತಾರೆಂದು ಬಲ್ಲೆ, ಅವರ ಬಗ್ಗೆ ನನಗೆ ಗೌರವವಿದೆ. ಕೇಳುತ್ತಿರುವುದು ಮೂರೇ: ಆರಂಭದ ಅಕ್ಷರಗಳಿಂದ ಮಾತ್ರ ಹುಡುಕುವ ಆಯ್ಕೆ ಇರಲಿ, ಎಷ್ಟು ಅಕ್ಷರಕ್ಕೆ ಪಟ್ಟಿ ತೆರೆಯಬೇಕೆಂಬುದನ್ನು ನಾವೇ ನಿಗದಿಪಡಿಸುವಂತಿರಲಿ, ಪಟ್ಟಿಯಿಂದ ಆರಿಸಿದ್ದು ಬೇರೆ ಖಾತೆಯನ್ನು ತಂದರೆ ಆ ಖಾತೆಯ ಹೆಸರು ಪಟ್ಟಿಯಲ್ಲಿಯೇ ಪಕ್ಕಕ್ಕೆ ಕಾಣಲಿ.

ಉತ್ತರ, ಬೆಂಗಳೂರು (ತಂತ್ರಾಂಶ ಉದ್ಯೋಗಿ)

ಮೇಡಂ, ಮೂರನೆಯ ಬೇಡಿಕೆಯನ್ನೇ ಮೊದಲು ಬರೆಯಿರಿ. ಅದರಿಂದ ಹಳೆಯ ರೀತಿಯನ್ನು ಕೇಳದವರಿಗೂ ಉಪಯೋಗವಿದೆ, ಹಾಗಾಗಿ ಒಪ್ಪಿಗೆ ಬೇಗ ಸಿಗುತ್ತದೆ. ಪತ್ರದ ಜೊತೆಗೆ ನಿಮ್ಮ ನಿಜವಾದ ಕಡತವನ್ನು ಎಂದಿಗೂ ಕಳುಹಿಸಬೇಡಿ. ಖಾಲಿ ಕಡತವೊಂದರಲ್ಲಿ ‘ಕೂಲಿ’, ‘ಮನೆ ದುರಸ್ತಿ ಕೂಲಿ’ ಎಂಬ ಎರಡೇ ನಮೂದು ಮಾಡಿ, ಯಾವ ಕೀಲಿಯನ್ನು ಯಾವ ಕ್ರಮದಲ್ಲಿ ಒತ್ತಿದಾಗ ಏನಾಯಿತು, ಹಳೆಯದರಲ್ಲಿ ಏನಾಗುತ್ತಿತ್ತು ಎಂದು ಬರೆದರೆ ಸಾಕು. ಕನ್ನಡದ ಪದಗಳನ್ನು ಹಾಗೆಯೇ ಬಿಡಿ, ಅಕ್ಷರ ಎಣಿಸುವ ತೊಂದರೆ ಅವುಗಳಲ್ಲಿಯೇ ಕಾಣುವುದು. ಪತ್ರದ ಇಂಗ್ಲಿಷ್ ರೂಪವನ್ನು ನಾನು ಸಿದ್ಧಪಡಿಸಿಕೊಡುತ್ತೇನೆ.

ಉತ್ತರ, ಮೈಸೂರು (ನಿವೃತ್ತ ಅಧ್ಯಾಪಕರು)

2006ರಿಂದ 2009ರವರೆಗಿನ ವಿವರಣೆಗಳು ಪರಿವರ್ತನೆಯಾದವು. ಒತ್ತಕ್ಷರಗಳು ಕೆಲವು ಕಡೆ ತಪ್ಪಾಗಿವೆ, ಅರ್ಕಾವೊತ್ತು ಬಹಳಷ್ಟು ಕಡೆ ಸ್ಥಾನ ಬದಲಿಸಿದೆ, ಆದರೂ ಓದಬಹುದು. ಉಳಿದ ವರ್ಷಗಳನ್ನು ದಿನಕ್ಕೆ ಒಂದೊಂದು ತಿಂಗಳಿನಂತೆ ಮಾಡುತ್ತೇನೆ. ಆಸ್ಪತ್ರೆಯ ಪುಟಗಳು ಸಿಕ್ಕಿದವು.

ಚರ್ಚೆ ಆರಂಭಿಸಿದವರು, ಸಾಗರ

ಸಿಕ್ಕಿದ್ದು ಬಹಳ ಸಮಾಧಾನವಾಯಿತು, ಸರ್. ನಾನು ಎರಡು ನಮೂದುಗಳ ಮಾದರಿ ಕಡತವನ್ನು ಸಿದ್ಧಪಡಿಸಿದ್ದೇನೆ, ಖಾತೆಯ ಹೆಸರು ಕಾಣಬೇಕೆಂಬ ಬೇಡಿಕೆಯನ್ನು ಮೊದಲಿಗೆ ತಂದಿದ್ದೇನೆ. ಇಂದು ರಾತ್ರಿ ಕಳುಹಿಸುತ್ತೇನೆ. ಅವರ ಉತ್ತರ ಬರುವವರೆಗೆ, ಕಡೇಪಕ್ಷ ಮಾರ್ಚ್ 31ರವರೆಗೆ, ತೋಟದ ಕೂಲಿಯನ್ನು ಮಾತ್ರ ನೋಟ್‌ಬುಕ್ಕಿನಲ್ಲಿಯೂ ಬರೆದಿಟ್ಟು ತಿಂಗಳ ಕೊನೆಯಲ್ಲಿ ಎರಡನ್ನೂ ತಾಳೆ ನೋಡುತ್ತೇನೆ.